ಸೋರುವುದು ಯಾವಾಗ, ಅದನ್ನು ಮೊದಲು ಹೇಳಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸೋರಿಕೆಯವೇ. ಸೆಪ್ಟೆಂಬರ್ ಮೊದಲಿನ ಕೈಲ್‌ಪೊಳ್ದು ಹಬ್ಬ ಕಳೆಯಿತೆಂದರೆ ಕೊಡಗಿನಲ್ಲಿ ಪ್ರತಿ ವರ್ಷವೂ ಹೀಗೆ. ಮೂರು ತಿಂಗಳು ನೆನೆದ ಮನೆ ತನ್ನೊಳಗೆ ಇಟ್ಟುಕೊಂಡದ್ದನ್ನೆಲ್ಲ ಗೋಡೆಯ ಮೇಲೆ ತೋರಿಸುವ ಕಾಲ ಇದು. ಫೋಟೊ ಕಳಿಸಿದ್ದೀರಿ, ಕಲೆಯ ಉದ್ದಗಲ ಬರೆದಿದ್ದೀರಿ, ಒಬ್ಬರಂತೂ ಹಾಲ್‌ನ ನಕ್ಷೆಯನ್ನೇ ಬಿಡಿಸಿದ್ದಾರೆ. ಆದರೆ ಹೆಚ್ಚಿನವರು ಬರೆಯದೇ ಬಿಟ್ಟ ವಿಷಯ ಒಂದಿದೆ. ಅದು ಕಾಣಿಸಿಕೊಂಡದ್ದು ಯಾವಾಗ? ಮಳೆ ಹೊಡೆಯುತ್ತಿರುವಾಗಲೋ, ನಿಂತು ಎರಡು ದಿನವಾದ ಮೇಲೋ, ಮಳೆಯ ಸುಳಿವೇ ಇಲ್ಲದ ಜನವರಿಯಲ್ಲೋ? ಆ ದಿನ ಗಾಳಿ ಇತ್ತೋ? ನೀರು ಕಂಡ ಜಾಗದಲ್ಲೇ ನೀರು ಹೊಕ್ಕಿರುವುದು ಬಹಳ ಅಪರೂಪ. ಹಾಗಾಗಿ ನನಗೆ ಜಾಗಕ್ಕಿಂತ ಹೊತ್ತು ಮುಖ್ಯ. ಮುಂದೆ ಬರೆಯುವವರು ದಯವಿಟ್ಟು ಅದನ್ನು ಮೊದಲ ಸಾಲಿನಲ್ಲೇ ಹೇಳಿ.

ಮೇಡಂ, ಮಡಿಕೇರಿಯಲ್ಲಿ ನಮ್ಮದು ಎರಡಂತಸ್ತಿನ ಆರ್‌ಸಿಸಿ ಮನೆ. ತಾರಸಿ ಸೋರುತ್ತದೆಂದು ಮೇಲೆ ಕಂಬ ನಿಲ್ಲಿಸಿ ಶೀಟ್ ಹಾಕಿಸಿದೆವು. ಆದರೂ ಮಹಡಿಯ ಹಾಲ್‌ನಲ್ಲಿ ಫ್ಯಾನ್ ಪಕ್ಕ ಕಂದು ಬಣ್ಣದ ಉಂಗುರಗಳು ಬಂದಿವೆ. ಜೋರು ಮಳೆಯ ದಿನ ಏನೂ ಆಗುವುದಿಲ್ಲ, ಒಂದೆರಡು ದಿನ ಬಿಟ್ಟು ಕಲೆ ದೊಡ್ಡದಾಗುತ್ತದೆ. ಇಡೀ ತಾರಸಿಗೆ ಕೆಮಿಕಲ್ ಹೊಡೆಯಬೇಕು ಎಂದು ವಾಟರ್‌ಪ್ರೂಫಿಂಗ್‌ನವರು ಹೇಳುತ್ತಿದ್ದಾರೆ. ಹೊಡೆಸಲೇ?
— ಓದುಗರು, ಮಡಿಕೇರಿ

ಈಗಲೇ ಬೇಡ. ಮೊದಲು ಆ ಫ್ಯಾನಿನ ಎಂಸಿಬಿ (ಕರೆಂಟ್ ಬೋರ್ಡಿನ ಸುರಕ್ಷತಾ ಸ್ವಿಚ್) ಇಳಿಸಿ, ಆಮೇಲೆ ಮಿಕ್ಕ ಮಾತು. ಸ್ಲ್ಯಾಬ್ ಹಾಕುವಾಗಲೇ ಕರೆಂಟಿನ ಪೈಪು ಅದರೊಳಗೆ ಹುದುಗಿರುತ್ತದೆ. ಎಲ್ಲೋ ಮೂಲೆಯಲ್ಲಿ ಕಾಂಕ್ರೀಟಿನೊಳಗೆ ಇಳಿದ ನೀರಿಗೆ ಆ ಪೈಪೇ ಸಲೀಸಾದ ದಾರಿ, ಬಂದು ಇಳಿಯುವುದು ಫ್ಯಾನ್ ಬಾಕ್ಸಿನಲ್ಲಿ. ನಿಮ್ಮ ಕಲೆ ಫ್ಯಾನ್ ಹತ್ತಿರ ಇರುವುದಕ್ಕೆ ಕಾರಣ ಇದೇ ಇರಬಹುದು. ಹಾಗಿದ್ದರೆ ಫ್ಯಾನಿನ ನೇರ ಮೇಲಕ್ಕೆ ತಾರಸಿಯಲ್ಲಿ ಬಿರುಕು ಹುಡುಕಿ ಪ್ರಯೋಜನವಿಲ್ಲ. ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್, ಹಾಕಿಸಿದ್ದೀರಾ? ಅದು ಮಳೆಗಾಲದಲ್ಲಷ್ಟೇ ಟ್ರಿಪ್ ಆಗುತ್ತಿದ್ದರೆ ಅದನ್ನೂ ಸೋರಿಕೆಯ ಲೆಕ್ಕಕ್ಕೆ ಸೇರಿಸಿ. ಪದೇಪದೇ ಟ್ರಿಪ್ ಆಗಿ ಕಿರಿಕಿರಿ ಎಂದು ಅದನ್ನೇ ಬೈಪಾಸ್ ಮಾಡಿಸಿಕೊಂಡ ಮನೆಗಳನ್ನು ನೋಡಿದ್ದೇನೆ. ಅಂಥವರಿಗೆ ನಾನು ಸೀಲಿಂಗಿನ ಮಾತೇ ಆಡುವುದಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಅನ್ನುತ್ತೇನೆ.

ಇನ್ನು ‘ಒಂದೆರಡು ದಿನ ಬಿಟ್ಟು’ ಎಂದಿರಲ್ಲ, ನಿಮ್ಮ ಪತ್ರದಲ್ಲಿ ಕೆಲಸಕ್ಕೆ ಬಂದದ್ದು ಆ ಮಾತು. ಮಳೆ ಶುರುವಾದ ಹತ್ತು ನಿಮಿಷಕ್ಕೆ ಹನಿಕ್ಕಿದರೆ ಎಲ್ಲೋ ನೇರ ತೂತು ಇದೆ ಎಂದರ್ಥ. ದಿನ ಕಳೆದು ಕಾಣಿಸಿದರೆ ನೀರು ಎಲ್ಲೋ ನಿಂತು ನಿಧಾನವಾಗಿ ಇಂಗುತ್ತಿದೆ. ಶೀಟ್ ಇದ್ದರೂ ತಾರಸಿಯಲ್ಲಿ ನೀರು ನಿಲ್ಲುವುದು ಹೇಗೆ ಅನ್ನುತ್ತೀರಾ? ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲೂ ಜುಲೈ ಮಳೆ ನೆಟ್ಟಗೆ ಬೀಳುವುದೇ ಇಲ್ಲ. ಪಡುವಣ ಗಾಳಿಗೆ ಅಡ್ಡಡ್ಡ ಬೀಸಿ ಪ್ಯಾರಾಪೆಟ್ಟಿಗೂ ಶೀಟಿಗೂ ನಡುವಿನ ಸಂದಿಯಲ್ಲಿ ಒಳಗೆ ಎರಚುತ್ತದೆ. ಶೀಟ್ ಬಂದ ಮೇಲೆ ತಾರಸಿ ಗುಡಿಸುವವರಿಲ್ಲ. ಸೌದೆ, ಖಾಲಿ ಗೊಬ್ಬರದ ಚೀಲ, ಕಾಲು ಮುರಿದ ಕುರ್ಚಿ ಎಲ್ಲ ಅಲ್ಲೇ. ಬೇಸಿಗೆಯಲ್ಲಿ ಉದುರಿದ ಸಿಲ್ವರ್ ಓಕ್ ಎಲೆ ಹಾರಿಬಂದು ನೀರು ಹೋಗುವ ತೂತಿನ ಬಾಯಲ್ಲಿ ಹೆಣೆದುಕೊಂಡು ಕೂತಿರುತ್ತದೆ. ಆ ಎಲೆ ಬೇಗ ಕೊಳೆಯುವುದೂ ಇಲ್ಲ.

ನಿಮ್ಮಂಥ ಮನೆಗಳಲ್ಲಿ ನಾನು ಮೊದಲು ನೋಡುವುದು ಶೀಟಿನ ಕಂಬಗಳ ಬುಡ. ತಾರಸಿಗೆ ಮಾಡಿದ್ದ ಹಳೆಯ ವಾಟರ್‌ಪ್ರೂಫಿಂಗನ್ನು ಡ್ರಿಲ್ಲಿನಿಂದ ಕೊರೆದು, ಬೇಸ್ ಪ್ಲೇಟ್ ಕೂರಿಸಿ, ಬೋಲ್ಟ್ ಬಿಗಿದಿರುತ್ತಾರೆ. ಎರಚಲು ನೀರು ಕಂಬದ ಗುಂಟ ಇಳಿದು ಪ್ಲೇಟಿನ ಅಡಿಗೆ ಹೋಗುತ್ತದೆ, ಅಲ್ಲಿಂದ ಬೋಲ್ಟಿನ ತೂತಿಗೆ. ಸೋರಿಕೆ ತಪ್ಪಿಸಲೆಂದು ಹಾಕಿದ ಮಾಡೇ ಹೊಸ ತೂತುಗಳನ್ನು ಕೊಟ್ಟಂತಾಯಿತು. ಪ್ಲೇಟಿನ ಸುತ್ತ ತುಕ್ಕಿನ ಗೆರೆ, ಹಸಿರು ಪಾಚಿ ಇದ್ದರೆ ಅನುಮಾನ ಗಟ್ಟಿ.

ಖಾತ್ರಿ ಮಾಡಿಕೊಳ್ಳಲು ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಹೀಗೆ ಮಾಡಿ. ಸೀಲಿಂಗಿನ ಕಲೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಒಂದು ಕಂಬದ ಬುಡಕ್ಕೆ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಎರಡಿಂಚು ನೀರು ನಿಲ್ಲಿಸಿ ಒಂದು ದಿನ ಬಿಡಿ. ಕಲೆ ಗೆರೆ ದಾಟದಿದ್ದರೆ ಮುಂದಿನ ಕಂಬ. ಕಂಬಗಳು ಮುಗಿದ ಮೇಲೆ ಪ್ಯಾರಾಪೆಟ್ಟು ಸ್ಲ್ಯಾಬಿಗೆ ಸೇರುವ ಮೂಲೆಗೆ ಪೈಪಿನಲ್ಲಿ ನೀರು ಬಿಡಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು, ಒಂದೊಂದು ಜಾಗಕ್ಕೆ ಕಾಲು ಗಂಟೆಯಾದರೂ ಕೊಡಬೇಕು. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆ ಇಳಿದು ಯಾವುದು ಕಳ್ಳ ಎಂದು ಗೊತ್ತಾಗದೆ ಹೋಗುತ್ತದೆ. ಒಂದು ವಾರದ ಕೆಲಸ, ಆದರೆ ಖರ್ಚಿಲ್ಲ. ಇಷ್ಟು ಮಾಡಿ ಜಾಗ ಸಿಕ್ಕಿದರೆ ಆ ಜಾಗಕ್ಕಷ್ಟೇ ರಿಪೇರಿ ಸಾಕು, ಇಡೀ ತಾರಸಿಯ ದುಡ್ಡು ಉಳಿಯುತ್ತದೆ.

ಉಂಗುರದ ಕಲೆ ನೆನೆದು ಒಣಗಿ, ನೆನೆದು ಒಣಗಿ ಆದದ್ದು. ಪ್ರತಿ ಸಲ ಒಣಗುವಾಗಲೂ ನೀರು ಹೊತ್ತು ತಂದ ಕೊಳೆ ಅಂಚಿನಲ್ಲಿ ಉಳಿಯುತ್ತದೆ. ಅದು ಅಂಥ ಗಾಬರಿಯ ವಿಷಯವಲ್ಲ. ಗಾಬರಿಯಾಗಬೇಕಾದ್ದು ಕಲೆ ಉಂಗುರವಾಗಿರದೆ ನೆಟ್ಟಗಿನ ಗೆರೆಗಳಾಗಿ, ಸಮ ಅಂತರದಲ್ಲಿ, ಕೆಂಪಗೆ ಕಂಡರೆ. ಅದು ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದ ಗುರುತು. ತುಕ್ಕು ಹಿಡಿದ ಕಬ್ಬಿಣ ಮೊದಲಿದ್ದ ಜಾಗದ ಎರಡು ಪಾಲಿಗೂ ಹೆಚ್ಚು ಜಾಗ ಕೇಳುತ್ತದೆ, ಸರಳಿನ ಕೆಳಗಿರುವ ಕಾಂಕ್ರೀಟು ಬರೀ 20 ಮಿಲಿಮೀಟರಿನ ಆಸುಪಾಸು, ಅದು ಸಿಡಿದು ಬೀಳುತ್ತದೆ. ಕಲೆಯಿಂದ ಒಂದು ಪಕ್ಕಕ್ಕೆ ನಿಂತು ಪೊರಕೆಯ ಹಿಡಿಯಿಂದ ಸೀಲಿಂಗನ್ನು ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಜಾಗದಲ್ಲಿ ಟಕ್ ಟಕ್, ಬಿಟ್ಟುಕೊಂಡ ಜಾಗದಲ್ಲಿ ಡಬ್ ಡಬ್. ಎರಡನೆಯ ಸದ್ದು ಕೇಳಿದರೆ ಆ ಕೆಳಗಿನ ಮಂಚ, ಸೋಫಾ ಸರಿಸಿ ಎಂಜಿನಿಯರಿಗೆ ತೋರಿಸಿ. ಪತ್ರದಲ್ಲಿ ಬಗೆಹರಿಯುವ ವಿಷಯ ಅದಲ್ಲ.

ಅಕ್ಕಾ, ನಮ್ಮ ಮಲಗುವ ಕೋಣೆಯ ಬೀರು ಹಿಂದೆ ಗೋಡೆ ತುಂಬ ಕಪ್ಪು ಬೂಷ್ಟು. ಸೀರೆಗಳೆಲ್ಲ ಮುಗ್ಗಲು ವಾಸನೆ. ಆಗಸ್ಟ್ ಮೊದಲ ವಾರದ ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಿದ ದಿನ ಅಡುಗೆಮನೆಯ ಸೀಲಿಂಗಿನಿಂದಲೂ ನೀರು ತೊಟ್ಟಿಕ್ಕಿತು. ಮೇಲೆ ಸೋರುತ್ತಿದೆ ಎಂದು ನಾನು, ಸೋರುತ್ತಿಲ್ಲ ಎಂದು ಯಜಮಾನರು. ಯಾರು ಸರಿ?
— ಗೃಹಿಣಿ, ವಿರಾಜಪೇಟೆ

ಅಡುಗೆಮನೆಯ ಮಟ್ಟಿಗೆ ಯಜಮಾನರೇ ಸರಿ ಇರಬೇಕು. ಮದ್ದುಸೊಪ್ಪು ಗಂಟೆಗಟ್ಟಲೆ ಕುದಿಸಿದ್ದೀರಿ, ಹೊರಗೆ ಮಳೆ ಎಂದು ಕಿಟಕಿ ಮುಚ್ಚಿದ್ದೀರಿ. ಪಾತ್ರೆಯ ಆವಿ ಎಲ್ಲರಿಗೂ ಕಾಣುತ್ತದೆ, ಒಲೆಯ ಆವಿ ಕಾಣುವುದಿಲ್ಲ. ಗ್ಯಾಸ್ ಉರಿದರೂ ನೀರು ಹುಟ್ಟುತ್ತದೆ. ಒಂದು ಕೆಜಿ ಗ್ಯಾಸಿಗೆ ಸುಮಾರು ಒಂದೂವರೆ ಲೀಟರು. 14.2 ಕೆಜಿಯ ಸಿಲಿಂಡರು ಖಾಲಿಯಾಗುವಷ್ಟರಲ್ಲಿ 20 ಲೀಟರಿಗೂ ಹೆಚ್ಚು ನೀರು ಆವಿಯಾಗಿ ನಿಮ್ಮ ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಅದು ತಣ್ಣಗಿನ ಸ್ಲ್ಯಾಬಿಗೆ ತಾಗಿ ಹನಿಯಾಗಿ ಬಿತ್ತು, ಅಷ್ಟೆ. ಗುರುತು ಹಿಡಿಯುವುದು ಸುಲಭ: ಹನಿ ಒಂದೇ ಕಡೆ ಬೀಳದೆ ಸೀಲಿಂಗ್ ಪೂರ್ತಿ ಬೆವರಿದ್ದರೆ, ಒಲೆ ಆರಿಸಿದ ಮೇಲೆ ತಾನಾಗಿ ನಿಂತಿದ್ದರೆ, ಮೇಲಿನಿಂದ ಬಂದ ನೀರಲ್ಲ.

ಬೀರು ಹಿಂದಿನದನ್ನು ಮಾತ್ರ ನಾನು ಕೂತಲ್ಲಿಂದ ತೀರ್ಪು ಕೊಡಲಾರೆ, ನೀವೇ ಪರೀಕ್ಷೆ ಮಾಡಬೇಕು. ಬೀರು ಪಕ್ಕಕ್ಕೆ ಎಳೆಯಿರಿ. ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬೂಷ್ಟು ಒರೆಸಿ. ಒಣ ಪೊರಕೆಯಲ್ಲಿ ಗುಡಿಸಿದರೆ ಆ ಧೂಳೆಲ್ಲ ಮೂಗಿಗೆ ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಮಾಡಿ. ಗೋಡೆಯ ಮೇಲ್ಮೈ ಒಣಗಿದ ಮೇಲೆ, ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲನ್ನು ಒಂದೂವರೆ ಅಡಿ ಚೌಕಕ್ಕೆ ಕತ್ತರಿಸಿ ನಾಲ್ಕೂ ಅಂಚಿಗೆ ಅಗಲ ಟೇಪ್ ಅಂಟಿಸಿ. ಎಲ್ಲೂ ಗಾಳಿಯಾಡಬಾರದು. ಮಳೆಗಾಲದ ಗೋಡೆಗೆ ಟೇಪ್ ಹಿಡಿಯುವುದಿಲ್ಲ, ಅಂಚು ಬರುವಲ್ಲಿ ಹೇರ್ ಡ್ರೈಯರ್ ಬಿಸಿ ಕೊಟ್ಟರೆ ಹಿಡಿಯುತ್ತದೆ. ಒಂದು ದಿನ ಬಿಟ್ಟು ನೋಡಿ. ಫಾಯಿಲಿನ ಹೊರಮೈ, ಅಂದರೆ ಕೋಣೆಯ ಕಡೆ, ತೇವವಾಗಿದ್ದರೆ ನೀರು ಬಂದದ್ದು ಕೋಣೆಯ ಗಾಳಿಯಿಂದ. ಬಿಚ್ಚಿದಾಗ ಒಳಮೈ, ಗೋಡೆಯ ಕಡೆ, ಹನಿಗಟ್ಟಿದ್ದರೆ ನೀರು ಗೋಡೆಯೊಳಗಿದೆ. ಎರಡೂ ಕಡೆ ತೇವ ಬಂದರೆ ಆಶ್ಚರ್ಯ ಬೇಡ, ನಮ್ಮಲ್ಲಿ ಎರಡೂ ಕೂಡಿಬರುವುದು ಉಂಟು.

ಹೊರಮೈ ತೇವವಾದರೆ ಬೀರುವನ್ನು ಗೋಡೆಯಿಂದ ನಾಲ್ಕಿಂಚು ಈಚೆಗೆ ಇಡಿ, ಸಾಧ್ಯವಾದರೆ ಒಳಗೋಡೆಗೆ ಸರಿಸಿ. ಪಡುವಣ ಗೋಡೆ ಮಳೆಗೆ ತಣ್ಣಗಾಗಿರುತ್ತದೆ, ಬೀರು ಅದಕ್ಕೆ ಒತ್ತಿಕೊಂಡರೆ ನಡುವೆ ಗಾಳಿ ಓಡುವುದಿಲ್ಲ, ಬೂಷ್ಟಿಗೆ ಇನ್ನೇನು ಬೇಕು? ಹಿಂಡಿದ ಬಟ್ಟೆಯನ್ನು ಅದೇ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಹಾಕುವುದನ್ನು ನಿಲ್ಲಿಸಿ. ಬಟ್ಟೆಯಲ್ಲಿದ್ದ ನೀರು ಮಾಯವಾಗುವುದಿಲ್ಲ, ಸೀರೆಗೆ ಹೋಗಿ ಕೂರುತ್ತದೆ. ಈಗೀಗ ಗೋಣಿಕೊಪ್ಪ, ವಿರಾಜಪೇಟೆಯ ಅಂಗಡಿಗಳಲ್ಲೂ ಡಿಹ್ಯೂಮಿಡಿಫೈಯರ್ ಸಿಗುತ್ತದೆ. ಬಾಗಿಲು ಕಿಟಕಿ ಮುಚ್ಚಿ ಓಡಿಸಿದರೆ ಮಾತ್ರ ಉಪಯೋಗ, ಕಿಟಕಿ ತೆರೆದಿಟ್ಟರೆ ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ. ಬೀರು ಒಳಗೆ ಬಲ್ಬ್ ಉರಿಸುವ ಹಳೆಯ ಉಪಾಯ ಬೇಡ. ಬಟ್ಟೆ ಜಾರಿ ಬಲ್ಬಿಗೆ ತಾಗಿದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಮಗಳೇ, ನಾಪೋಕ್ಲು ಕಡೆಯ ನಮ್ಮ ಐನ್‌ಮನೆ, ಅಂದರೆ ಒಕ್ಕದ (ಕುಟುಂಬದ) ಮೂಲಮನೆ, ನೂರು ವರ್ಷಕ್ಕೂ ಹಳೆಯದು. ಮಣ್ಣಿನ ಗೋಡೆ, ಹೆಂಚಿನ ಮಾಡು, ನಡುಮನೆಗೆ ಮರದ ಮುಚ್ಚಿಗೆ. ಒಕ್ಕದವರು ಸೇರುವುದು ಹಬ್ಬಕ್ಕೆ ಮಾತ್ರ, ಮಿಕ್ಕ ದಿನ ನಾನೊಬ್ಬನೇ. ಕೆಳಗಿನಿಂದ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಮುಚ್ಚಿಗೆಯ ಮೇಲೆ ಕೊಳೆಯುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಗೋಡೆಗೆ ಸಿಮೆಂಟ್ ಪ್ಲಾಸ್ಟರಿಂಗ್ ಮಾಡಿಸೋಣ ಎಂದು ಹುಡುಗರ ಒತ್ತಾಯ.
— ನಿವೃತ್ತ ಸೈನಿಕ

ಅಂಕಲ್, ಸಿಮೆಂಟಿನ ವಿಷಯ ಮೊದಲು, ಏಕೆಂದರೆ ಹುಡುಗರು ಅವಸರ ಮಾಡುತ್ತಾರೆ. ಬೇಡವೇ ಬೇಡ. ಮಣ್ಣಿನ ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಇಷ್ಟು ವರ್ಷ ಅದು ನಿಂತಿರುವುದು ಹಾಗೆ ಬಿಟ್ಟದ್ದರಿಂದಲೇ. ಮೇಲೆ ಸಿಮೆಂಟ್ ಬಳಿದರೆ ಬಿರುಕಿನಲ್ಲಿ ಒಳಗೆ ಹೋದ ನೀರು ಹೊರಗೆ ಬರಲಾರದೆ ಮಣ್ಣನ್ನೇ ಮೆತ್ತಗೆ ಮಾಡುತ್ತದೆ. ಹೊರಗೆ ನುಣ್ಣಗಿನ ಗೋಡೆ, ಒಳಗೆ ಕೆಸರು. ಹೊಟ್ಟೆ ಉಬ್ಬಿದ ಮೇಲೆ ಗೊತ್ತಾಗುತ್ತದೆ, ಆಗ ತಡವಾಗಿರುತ್ತದೆ. ಸುಣ್ಣದ ಗಾರೆ ಮಾಡುವ ಮೇಸ್ತ್ರಿ ಸಿಕ್ಕಿದರೆ ಅದನ್ನು ಮಾಡಿಸಿ, ಸಿಗದಿದ್ದರೆ ಇದ್ದ ಹಾಗೇ ಬಿಡಿ.

ಮುಚ್ಚಿಗೆಗೆ ಬರೋಣ. ಯಾರಾದರೂ ಎಳೆಯವರನ್ನು ಬಿಸಿಲಿರುವ ಮಧ್ಯಾಹ್ನ ಅಟ್ಟ ಹತ್ತಿಸಿ. ನೀವು ಹತ್ತಬೇಡಿ. ಹಲಗೆಯ ಮೇಲೆ ಕಾಲಿಡದೆ ತೊಲೆಯ ಮೇಲೇ ನಡೆಯಲಿ. ಟಾರ್ಚ್ ಆರಿಸಿ ಎರಡು ನಿಮಿಷ ಕತ್ತಲಲ್ಲಿ ಕೂತರೆ ಹೆಂಚಿನ ಸಂದಿಗಳಲ್ಲಿ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಪ್ರತಿ ಚುಕ್ಕೆಯೂ ಸೋರಿಕೆಯಲ್ಲ. ಚುಕ್ಕೆಯ ಕೆಳಗಿನ ರೀಪು, ಪಕಾಸು (ಹೆಂಚು ಹೊತ್ತ ಮರದ ಪಟ್ಟಿಗಳು) ಕಪ್ಪಗೆ ಗೆರೆ ಬಿದ್ದಿದೆಯೇ ಎಂದು ಟಾರ್ಚ್ ಹಾಕಿ ನೋಡಬೇಕು, ಗೆರೆ ಇದ್ದರೆ ಅಲ್ಲಿ ನೀರು ಓಡಾಡಿದೆ. ಒಡೆದ ಹೆಂಚಿಗೆ ಬದಲಾಗಿ ಬೇರೆ ಕಾರ್ಖಾನೆಯ ಹೆಂಚು ಹಾಕಿದ ಕಡೆ ಹೆಚ್ಚು ಗಮನ ಇರಲಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಎಲ್ಲ ಅಚ್ಚುಗಳೂ ಒಂದೇ ಅಲ್ಲ. ನೋಡಲು ಒಂದೇ ಥರ ಇದ್ದರೂ ತುಟಿಗೆ ತುಟಿ ಕೂರುವುದಿಲ್ಲ, ಗಾಳಿಮಳೆಗೆ ಆ ಸಂದಿ ಸಾಕು. ಕೋತಿಗಳು ಓಡಾಡಿ ಜಾರಿಸಿದ ಹೆಂಚುಗಳ ಲೆಕ್ಕ ಬೇರೆ.

ನಿಜವಾಗಿ ಹೆದರಬೇಕಾದ ಜಾಗ ನಡುವೆ ಅಲ್ಲ, ತುದಿಯಲ್ಲಿದೆ. ತೊಲೆ ಮತ್ತು ಪಕಾಸಿನ ತಲೆ ಗೋಡೆಯೊಳಗೆ ಹೊಕ್ಕಿರುತ್ತದಲ್ಲ, ಅಲ್ಲಿ ಗಾಳಿಯೂ ಇಲ್ಲ, ಬಿಸಿಲೂ ಇಲ್ಲ. ಒಂದು ಚೂಪು ಸ್ಕ್ರೂಡ್ರೈವರ್‌ನಿಂದ ಆ ತುದಿಗಳನ್ನು ಒಂದೊಂದಾಗಿ ಚುಚ್ಚಿ ನೋಡಲಿ. ಗಟ್ಟಿ ಮರ ಚುಚ್ಚಲು ಬಿಡುವುದಿಲ್ಲ. ಕೊಳೆತದ್ದು ಅರ್ಧ ಇಂಚು ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಗೋಡೆಯಿಂದ ತೊಲೆಗೆ ಗೆದ್ದಲಿನ ಮಣ್ಣಿನ ಗೆರೆ ಹತ್ತಿದ್ದರೂ ಅಷ್ಟೆ, ತೇವ ಇರುವ ಕಡೆಗೇ ಗೆದ್ದಲು ಬರುತ್ತದೆ. ಎರಡು ಮುಳ್ಳು ಚುಚ್ಚಿ ನೋಡುವ ಮಾಯಿಶ್ಚರ್ ಮೀಟರ್ ಒಂದು ಕೊಂಡರೆ ಹತ್ತು ಐನ್‌ಮನೆಗೆ ಆಗುತ್ತದೆ. ಮರದಲ್ಲಿ ತೇವ ನೂರಕ್ಕೆ 20 ದಾಟಿದರೆ ಕೊಳೆಸುವ ಶಿಲೀಂಧ್ರಕ್ಕೆ ದಾರಿ ಎಂದು ಲೆಕ್ಕ. ಆ ಸಂಖ್ಯೆ ಮರಕ್ಕೆ ಮಾತ್ರ. ಗೋಡೆಗೆ ಚುಚ್ಚಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ, ಉಪ್ಪಿನಂಶ ಇದ್ದರೆ ಒಣ ಗೋಡೆಯೂ ಒದ್ದೆ ಎನ್ನುತ್ತದೆ. ಒಂದೇ ಗೋಡೆಯ ಎರಡು ಜಾಗ ಹೋಲಿಸಲು ಬೇಕಾದರೆ ಬಳಸಿ.

ಅಟ್ಟ ಹತ್ತುವವರು ಸಿಗುವ ತನಕ ಕೆಳಗಿನಿಂದಲೇ ಒಂದು ಕೆಲಸ ಮಾಡಬಹುದು. ಮುಚ್ಚಿಗೆಯ ಮೊಳೆಗಳ ಸುತ್ತ ನೋಡಿ. ಕಬ್ಬಿಣದ ಮೊಳೆ ಒದ್ದೆ ಮರದಲ್ಲಿದ್ದರೆ ಸುತ್ತಲೂ ನೀಲಿಗಪ್ಪು ಬಣ್ಣ ಹರಡುತ್ತದೆ, ಮರದ ಒಗರಿಗೂ ಕಬ್ಬಿಣಕ್ಕೂ ಆಗುವ ಕೆಲಸ ಅದು. ಒಂದು ಸಾಲಿನ ಮೊಳೆಗಳು ಹೀಗಾಗಿ ಪಕ್ಕದ ಸಾಲು ಶುಭ್ರವಾಗಿದ್ದರೆ, ಅಟ್ಟ ಹತ್ತುವವರಿಗೆ ಮೊದಲು ಆ ಸಾಲನ್ನೇ ತೋರಿಸಿ.

ಗಾಳಿಬೀಡು ಹತ್ತಿರ ಹೋಂಸ್ಟೇ ನಡೆಸುತ್ತೇನೆ. ಕೋಣೆಗಳಿಗೆಲ್ಲ ಜಿಪ್ಸಮ್ ಸೀಲಿಂಗ್. ಥರ್ಮಲ್ ಕ್ಯಾಮೆರಾದಲ್ಲಿ ಗೋಡೆ ಸೀಲಿಂಗ್ ಒಳಗಿನ ನೀರನ್ನು ತೋರಿಸುತ್ತೇವೆ ಎಂದು ಒಬ್ಬರು ಬಂದಿದ್ದಾರೆ. ದುಬಾರಿ. ಮಾಡಿಸಬಹುದೇ?
— ಹೋಂಸ್ಟೇ ಮಾಲೀಕರು

ಯಾವ ತಿಂಗಳಲ್ಲಿ ಬರುತ್ತಾರೆ ಕೇಳಿ. ಆ ಕ್ಯಾಮೆರಾಗೆ ನೀರು ಕಾಣುವುದಿಲ್ಲ, ಮೇಲ್ಮೈಯ ಬಿಸಿ ತಂಪು ಕಾಣುತ್ತದೆ. ಒದ್ದೆ ಜಾಗ ಒಣಗುವಾಗ ತಂಪಾಗಿರುತ್ತದೆ, ಬಿಸಿಲಿಗೆ ನಿಧಾನವಾಗಿ ಕಾಯುತ್ತದೆ, ಸಂಜೆ ನಿಧಾನವಾಗಿ ತಣ್ಣಗಾಗುತ್ತದೆ. ಆ ವ್ಯತ್ಯಾಸ ಇದ್ದರೆ ಚಿತ್ರದಲ್ಲಿ ಚಂದ ಬೇರೆಯಾಗಿ ಬರುತ್ತದೆ. ಜುಲೈ ತಿಂಗಳ ಗಾಳಿಬೀಡಿನಲ್ಲಿ ಒಳಗೂ ಹೊರಗೂ ಒಂದೇ ಥಂಡಿ, ಎಲ್ಲ ಒಂದೇ ಬಣ್ಣ. ಮಳೆ ಬಿಟ್ಟು ಬಿಸಿಲು ಬಿದ್ದ ಮೊದಲ ಒಂದೆರಡು ದಿನ, ಮಾಡು ಚೆನ್ನಾಗಿ ಕಾದ ಮೇಲೆ ತೆಗೆದರೆ ಕೊಟ್ಟ ದುಡ್ಡಿಗೆ ಅರ್ಥ. ಕ್ಯಾಮೆರಾ ತೋರಿಸಿದ ಜಾಗವನ್ನು ಮುಟ್ಟಿ, ಮೀಟರ್ ಚುಚ್ಚಿ ಖಾತ್ರಿ ಮಾಡದೆ ಬರೀ ಬಣ್ಣದ ಚಿತ್ರ ಕೊಟ್ಟು ಹೋಗುವವರಾದರೆ ಬೇಡ.

ಅದಕ್ಕೂ ಮೊದಲು ಪುಕ್ಕಟೆ ಕ್ಯಾಮೆರಾ ನಿಮ್ಮ ಜೇಬಿನಲ್ಲೇ ಇದೆ. ಎಂಸಿಬಿ ಇಳಿಸಿ, ಜಿಪ್ಸಮ್ ಬೋರ್ಡಿನ ಎಲ್‌ಇಡಿ ಲೈಟೊಂದನ್ನು ಕೆಳಗೆಳೆಯಿರಿ, ಸ್ಪ್ರಿಂಗ್ ಕ್ಲಿಪ್ ಅಷ್ಟೆ ಇರುತ್ತದೆ. ಆ ತೂತಿನಲ್ಲಿ ಫ್ಲ್ಯಾಶ್ ಹಾಕಿದ ಮೊಬೈಲ್ ತೂರಿಸಿ ಸುತ್ತ ತಿರುಗಿಸಿ ವಿಡಿಯೊ ಮಾಡಿ. ಬೋರ್ಡಿನ ಬೆನ್ನಿನ ಕಾಗದ ಕಂದಾಗಿದೆಯೇ, ಕಪ್ಪು ಚುಕ್ಕೆ ಬಂದಿದೆಯೇ, ಬೋರ್ಡನ್ನು ಹಿಡಿದ ಲೋಹದ ಚಾನೆಲ್ ತುಕ್ಕು ಹಿಡಿದಿದೆಯೇ ಎಲ್ಲ ಕಾಣುತ್ತದೆ. ಕೆಳಗಿನಿಂದ ನೋಡುವುದಾದರೆ ಗೋಡೆಯ ಬದಿಗೆ ಟಾರ್ಚ್ ಹಿಡಿದು ಸೀಲಿಂಗಿನ ಮೇಲೆ ಅಡ್ಡ ಬೆಳಕು ಬಿಡಿ, ನೇರ ಬೆಳಕಿನಲ್ಲಿ ಕಾಣದ ಉಬ್ಬುತಗ್ಗು ಅಡ್ಡ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಸ್ಕ್ರೂಗಳ ಸಾಲಿನಲ್ಲಿ ಕಂದು ಚುಕ್ಕೆ ಬಂದಿದ್ದರೆ ಪುಟ್ಟಿಯೊಳಗೆ ಸ್ಕ್ರೂ ತುಕ್ಕು ಹಿಡಿದಿದೆ. ಬೋರ್ಡು ಜೋತುಬಿದ್ದಿದ್ದರೆ ಅತಿಥಿಗಳನ್ನು ಬೇರೆ ಕೋಣೆಗೆ ಕಳಿಸಿ, ಕರೆಂಟ್ ತೆಗೆದು, ಬಕೆಟ್ ಇಟ್ಟು, ಪಕ್ಕಕ್ಕೆ ನಿಂತು ತೀರಾ ತಗ್ಗಿನ ಜಾಗದಲ್ಲಿ ಸ್ಕ್ರೂಡ್ರೈವರಿನಿಂದ ಒಂದು ತೂತು ಹಾಕಿ. ಸಣ್ಣ ತೂತಿನಲ್ಲಿ ನೀರು ಇಳಿಯುವುದು ಇಡೀ ಬೋರ್ಡು ಇಳಿಯುವುದಕ್ಕಿಂತ ಮೇಲು. ಒಮ್ಮೆ ಜೋತ ಬೋರ್ಡನ್ನು ಬಣ್ಣ ಹೊಡೆದು ಉಳಿಸಿಕೊಳ್ಳಬೇಡಿ. ಹೆಂಚಿನ ಮಾಡಿನ ಕೆಳಗೆ ಜಿಪ್ಸಮ್ ಹಾಕುವುದೇ ನನಗೆ ಸರಿಬರುವುದಿಲ್ಲ. ಕೊಡಗಿಗೆ ಬಂದವರಿಗೆ ಹೆಂಚಿನ ಮಾಡು ಕಂಡರೆ ಬೇಸರವಾಗುತ್ತದೆಯೇ?

ಮಡಿಕೇರಿ ಹೊರವಲಯದಲ್ಲಿ ಗುಡ್ಡದ ಬದಿ ಕಡಿದು, ಬರೆ ತೆಗೆದು ಮನೆ ಕಟ್ಟಿದ್ದೇವೆ. ಹಿಂದಿನ ಗೋಡೆ ಸೊಂಟದ ಎತ್ತರಕ್ಕೆ ತೇವ. ಮಳೆ ನಿಂತ ಮೇಲೂ ಡಿಸೆಂಬರ್ ತನಕ ಆರುವುದಿಲ್ಲ. ಕೆಳಗಿನಿಂದ ಬರುವ ಥಂಡಿಯೋ, ಬಚ್ಚಲ ಪೈಪೋ?
— ಶಾಲಾ ಶಿಕ್ಷಕರು

ಮೂರನೆಯದೂ ಒಂದಿದೆ, ಬರೆಯೇ. ನೆಲದಿಂದ ಏರುವ ಥಂಡಿ ಹೆಚ್ಚೆಂದರೆ ಒಂದು ಮೀಟರ್ ಆಸುಪಾಸಿಗೆ ಬಂದು, ಅಡ್ಡಲಾಗಿ ಒಂದೇ ಮಟ್ಟದಲ್ಲಿ ಬಿಳಿ ಉಪ್ಪಿನ ಗೆರೆ ಬಿಟ್ಟು ನಿಲ್ಲುತ್ತದೆ. ಅದು ನಿಜವಾಗಿದ್ದರೆ ಮುಂದಿನ ಗೋಡೆಗೂ ಸ್ವಲ್ಪವಾದರೂ ಇರಬೇಕು. ಹಿಂದಿನ ಗೋಡೆಗೆ ಮಾತ್ರ ಇದ್ದು, ಬರೆಯ ಕಡೆಗೆ ಹೆಚ್ಚು, ಆಚೆ ಕಡಿಮೆ ಇದ್ದರೆ ಗುಡ್ಡದಲ್ಲಿ ಇಂಗಿದ ಮಳೆನೀರು ಗೋಡೆಯನ್ನು ಒತ್ತುತ್ತಿದೆ. ಮಳೆ ನಿಂತು ತಿಂಗಳುಗಟ್ಟಲೆ ಜಿನುಗುವುದು ಇದರ ಗುಣ. ಬಚ್ಚಲ ಪೈಪಾಗಿದ್ದರೆ ಡಿಸೆಂಬರ್‌ಗೆ ನಿಲ್ಲುವುದಿಲ್ಲ, ಏಪ್ರಿಲ್‌ನಲ್ಲೂ ಇರುತ್ತದೆ. ನಿಮ್ಮದು ಡಿಸೆಂಬರ್‌ಗೆ ಆರುತ್ತದೆ ಎಂದಿರಿ, ಹಾಗಾಗಿ ನನ್ನ ಅನುಮಾನ ಬರೆಯ ಮೇಲೇ. ಒಳಗೋಡೆಗೆ ಏನು ಬಳಿದರೂ ಪ್ರಯೋಜನವಿಲ್ಲ. ಬರೆಗೂ ಗೋಡೆಗೂ ನಡುವೆ ಚರಂಡಿ ತೆಗೆದು, ಅದು ಮನೆಯ ನೆಲಮಟ್ಟಕ್ಕಿಂತ ಕೆಳಗೆ ಹರಿದು ಹೋಗುವಂತೆ ಮಾಡಬೇಕು. ಆದರೆ ಬರೆಯ ಬುಡವನ್ನು ನೀವೇ ಕೆದಕಬೇಡಿ, ತಿಳಿದವರಿಗೆ ತೋರಿಸಿಯೇ ಅಗೆಯಿರಿ. ತಡೆಗೋಡೆ ಇದ್ದರೆ ಅದರ ತೂತುಗಳಲ್ಲಿ ನೀರು ಬರುತ್ತಿದೆಯೇ ನೋಡಿ. ಎಲ್ಲ ತೂತುಗಳೂ ಒಣಗಿವೆ ಎಂದು ಸಂತೋಷಪಡುವ ಹಾಗಿಲ್ಲ, ಜೋರು ಮಳೆಯಲ್ಲೂ ಒಣಗಿದ್ದರೆ ಹಿಂದೆ ಮಣ್ಣು ಕಟ್ಟಿಕೊಂಡಿದೆ, ನೀರು ಗೋಡೆಯನ್ನು ತಳ್ಳುತ್ತಿದೆ.

ಇಷ್ಟು ಗೋಡೆಯ ಮಾತು. ಬರೆಯ ಮೇಲ್ಭಾಗದಲ್ಲಿ ನೆಲ ಬಿರಿದಿದ್ದರೆ, ಮರಗಳು ವಾಲಿದ್ದರೆ, ತಿಳಿಯಾಗಿ ಬರುತ್ತಿದ್ದ ಒರತೆ ದಿಢೀರನೆ ಕೆಂಪು ಕೆಸರಾದರೆ ಅದು ತೇವದ ಸಮಸ್ಯೆ ಅಲ್ಲ. ಫಾಯಿಲು, ಪೆನ್ಸಿಲು ಎಲ್ಲ ಬಿಟ್ಟು ಮನೆಯವರನ್ನು ಕರೆದುಕೊಂಡು ಹೊರಡಿ, ಪಂಚಾಯಿತಿಗೆ, ತಹಶೀಲ್ದಾರರಿಗೆ ತಿಳಿಸಿ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುಶಾಲನಗರದಲ್ಲಿ ಹಳೆ ಮನೆ ಕೊಳ್ಳುತ್ತಿದ್ದೇವೆ. ಹೊಸ ಪೇಂಟ್ ಹೊಡೆದಿದ್ದಾರೆ, ಎಲ್ಲ ಚೆನ್ನಾಗಿದೆ. ಏನು ನೋಡಬೇಕು?

ಪೇಂಟ್ ಹೊಡೆಯದ ಜಾಗ ನೋಡಿ. ಅಡುಗೆಮನೆ ಸಿಂಕಿನ ಕೆಳಗೆ, ಅಟ್ಟದ ಒಳಗೆ, ಬಾಗಿಲ ಚೌಕಟ್ಟಿನ ತೀರಾ ಬುಡದಲ್ಲಿ. ಮನೆಯಲ್ಲಿ ಒಂದೇ ಕೋಣೆಯ ಸೀಲಿಂಗಿಗೆ ಹೊಸ ಬಣ್ಣ ಬಂದಿದ್ದರೆ ಏಕೆ ಎಂದು ಕೇಳಿ. ಕುಶಾಲನಗರಕ್ಕೆ ಮಡಿಕೇರಿಯಷ್ಟು ಮಳೆಯಿಲ್ಲ, ಅಲ್ಲಿಯ ಭಯ ಹೊಳೆಯದು. 2018, 2019ರಲ್ಲಿ ಕಾವೇರಿ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ಮೇನ್ ಸ್ವಿಚ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ತೀರಾ ಕೆಳಗಿನ ಪ್ಲಗ್ ಪಾಯಿಂಟಿನ ಮುಚ್ಚಳ ತೆಗೆಸಿ. ಗೋಡೆ ತೊಳೆದು ಬಣ್ಣ ಹೊಡೆದವರು ಆ ಡಬ್ಬಿಯ ಒಳಗೆ ಕೈ ಹಾಕಿರುವುದಿಲ್ಲ. ತಳದಲ್ಲಿ ನುಣ್ಣನೆಯ ಹೊಳೆಮಣ್ಣು ಒಣಗಿ ಪದರುಗಟ್ಟಿದ್ದರೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ತಿಳಿಯುತ್ತದೆ. ಅದರ ಮೇಲಿನ ಪಾಯಿಂಟನ್ನೂ ತೆಗೆಸಿ, ಬೆಲೆಯ ಮಾತು ಆಮೇಲೆ ಆಡಿ.

ಬೂಷ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಬಹುದೇ? (ಗೋಣಿಕೊಪ್ಪ)

ಟೈಲ್ಸ್ ಮೇಲಾದರೆ ಹಾಕಿ. ಗಾರೆ, ಮರದ ಮೇಲೆ ಬರೀ ಬಣ್ಣ ಬಿಳಿಯಾಗುತ್ತದೆ, ಬೇರು ಒಳಗೇ ಇರುತ್ತದೆ. ಆ್ಯಸಿಡ್ ಜೊತೆ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಬಚ್ಚಲಿನ ಹಿಂದಿನ ಗೋಡೆ ವರ್ಷವಿಡೀ ಒದ್ದೆ. ಬಾವಿನೀರು, ಮೀಟರ್ ಇಲ್ಲ. ಪೈಪ್ ಒಡೆದಿದೆಯೋ ಹೇಗೆ ತಿಳಿಯುವುದು? (ಸುಂಟಿಕೊಪ್ಪ)

ರಾತ್ರಿ ಎಲ್ಲರೂ ಮಲಗಿದ ಮೇಲೆ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ, ಒಳಗಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ನೋಡಿ. ಇಳಿದಿದ್ದರೆ ಪೈಪೋ, ಫ್ಲಶ್ ಟ್ಯಾಂಕೋ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಬಿಟ್ಟು, ಕಮೋಡಿನಲ್ಲಿ ಬಣ್ಣ ಕಂಡರೆ ಪೈಪಿಗಾಗಿ ಗೋಡೆ ಒಡೆಸುವ ಮುಂಚೆ ಫ್ಲಶ್ ಟ್ಯಾಂಕಿನ ವಾಷರ್ ಬದಲಿಸಿ. ಮಟ್ಟ ಇಳಿಯದಿದ್ದರೆ ಹೋಗುವ ನೀರಿನ ದೋಷ: ನಹಾನಿ ಟ್ರ್ಯಾಪಿಗೆ (ಬಚ್ಚಲ ನೆಲದ ನೀರು ಹೋಗುವ ತೂತಿಗೆ) ಬಟ್ಟೆ ತುರುಕಿ, ಬಚ್ಚಲ ನೆಲದಲ್ಲಿ ಎರಡಿಂಚು ನೀರು ನಿಲ್ಲಿಸಿ ಒಂದು ದಿನ ನೋಡಿ.

ಒಳಗೋಡೆಗೆ ಡ್ಯಾಂಪ್‌ಪ್ರೂಫ್ ಪೇಂಟ್ ಹೊಡೆಸಿ ನವೆಂಬರ್-ಡಿಸೆಂಬರ್‌ನ ಹುತ್ತರಿ ಹಬ್ಬಕ್ಕೆ ಮನೆ ಚೆಂದ ಮಾಡಬೇಕೆಂದಿದ್ದೇವೆ. (ಸಿದ್ದಾಪುರ)

ಹುತ್ತರಿಗೆ ಬೇಡ. ಹೊರಗಿನಿಂದ ಬರುವ ನೀರನ್ನು ಒಳಗಿನಿಂದ ತಡೆದರೆ ಅದು ಅದೇ ಗೋಡೆಯಲ್ಲಿ ಇನ್ನೊಂದು ಅಡಿ ಮೇಲೆ ಹೊರಬರುತ್ತದೆ, ಬಣ್ಣವನ್ನು ಗುಳ್ಳೆ ಎಬ್ಬಿಸಿಕೊಂಡು. ಈಗ ಉದುರುವ ಬಣ್ಣ ಕೆರೆದು, ಬಿಳಿ ಉಪ್ಪನ್ನು ಒಣ ಬ್ರಷ್‌ನಲ್ಲಿ ತೆಗೆದು ಗೋಡೆಯನ್ನು ಹಾಗೇ ಬರಿದಾಗಿ ಬಿಡಿ. ನೀರಿನಿಂದ ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಕಾಫಿ ಕೊಯ್ಲು ಮುಗಿದು, ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬರುವ ಮುಂಚೆ, ಫೆಬ್ರವರಿ ಹೊತ್ತಿಗೆ ಫಾಯಿಲ್ ಪರೀಕ್ಷೆ ಮಾಡಿ. ಗೋಡೆಯ ಕಡೆಯ ಮೈ ಒಣಗಿದ್ದರೆ ಹೊರಗೋಡೆಯ ಬಿರುಕು ಮುಚ್ಚಿಸಿ, ಆಮೇಲೆ ಒಳಗೆ ಬಣ್ಣ. ಆಗ ಪೇಂಟರುಗಳೂ ಕೈಗೆ ಸಿಗುತ್ತಾರೆ.